ಗಡುವಿನ ದಿನ ತಾನಾಗಿ ತೆರೆದುಕೊಂಡ ತಡೆ

ಮಂಡ್ಯದ ಹತ್ತಿರದ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ 24 ಯಂತ್ರಗಳಿವೆ. ಎಲ್ಲವೂ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸ್ಥಿರ ಆವೃತ್ತಿಯ ಮೇಲೆ ನಡೆಯುತ್ತವೆ. ಅವುಗಳಿಗೆ ಬೇಕಾದ ಪ್ಯಾಕೇಜ್‌ಗಳು, ಅಂದರೆ ತಂತ್ರಾಂಶದ ಕಟ್ಟುಗಳು, ಮೈಸೂರಿನಲ್ಲಿ ನಾನು ನೋಡಿಕೊಳ್ಳುವ ಒಂದು ಸಣ್ಣ ಮಿರರ್‌ನಿಂದ (ಮೂಲ ಭಂಡಾರದ ಪ್ರತಿಯನ್ನು ಇಟ್ಟುಕೊಳ್ಳುವ ಸರ್ವರ್‌ನಿಂದ) ಹೋಗುತ್ತವೆ. ಡೆಬಿಯನ್ ಕೊಡುವುದರ ಜೊತೆಗೆ, ಕನ್ನಡ ಬರವಣಿಗೆಗೆ ಬೇಕಾದ ಕೆಲವು ಪ್ಯಾಕೇಜ್‌ಗಳ ಹೊಸ ಆವೃತ್ತಿಗಳು ಹೊರಗಿನ ಇನ್ನೊಂದು ಭಂಡಾರದಿಂದ ದಿನವೂ ತಾವಾಗಿಯೇ ಆ ಮಿರರ್‌ಗೆ ಬಂದು ಸೇರುತ್ತವೆ. ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮುದ್ರಿಸುವ ದಿನ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅಲ್ಲಿನ ಶಿಕ್ಷಕಿಯೊಬ್ಬರು ಫೋನ್ ಮಾಡಿ, ಹಿಂದಿನ ಸಂಜೆ ಸರಿಯಾಗಿಯೇ ಅಚ್ಚಾಗಿದ್ದ ಕಡತದಲ್ಲಿ ಈಗ ಅರ್ಕಾವೊತ್ತುಗಳೆಲ್ಲ ತಪ್ಪು ಜಾಗಕ್ಕೆ ಹೋಗಿ ಕೂತಿವೆ ಎಂದರು. ‘ಕಾರ್ಯ’, ‘ವರ್ಗ’, ‘ಕರ್ನಾಟಕ’, ಯಾವ ಪದವೂ ಓದಲು ಬರುವಂತಿರಲಿಲ್ಲ. ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಕ್ಷರಗಳನ್ನು ಜೋಡಿಸುವ ಲೈಬ್ರರಿಯ (ಬೇರೆ ತಂತ್ರಾಂಶಗಳು ನೆಚ್ಚಿಕೊಳ್ಳುವ ತಂತ್ರಾಂಶದ ತುಣುಕು) ಹೊಸ ಆವೃತ್ತಿಯಲ್ಲಿ ಇದೇ ದೋಷವಿದೆ ಎಂದು ತಿಳಿದು, 45 ದಿನಗಳ ಹಿಂದೆ ನಾನೇ ಅದು ಯಂತ್ರಗಳಿಗೆ ಹೋಗದಂತೆ ತಡೆ ಹಾಕಿದ್ದೆ. ಆ ತಡೆಯ ಗಡುವು ಹಿಂದಿನ ದಿನಕ್ಕೆ ಮುಗಿದಿತ್ತು, ನಾನೇ ಬರೆದಿದ್ದ ಸ್ಕ್ರಿಪ್ಟ್ (ತಾನಾಗಿ ನಡೆಯುವ ಸಣ್ಣ ಪ್ರೋಗ್ರಾಂ) ಅದನ್ನು ತೆಗೆದುಹಾಕಿತ್ತು, ಯಂತ್ರಗಳು ಬೆಳಿಗ್ಗೆ ಚಾಲೂ ಆದ ಕೂಡಲೇ ಅಪ್‌ಡೇಟ್ ಮಾಡಿಕೊಂಡಿದ್ದವು.

ಆ ದಿನದ ಪ್ರಶ್ನೆಪತ್ರಿಕೆಗಳು ಮಧ್ಯಾಹ್ನದೊಳಗೆ ಸರಿಯಾದವು. ಆದರೆ ಎಲ್ಲವೂ ಬರೆದಂತೆಯೇ ನಡೆದು, ಎಲ್ಲೂ ಒಂದು ಎರರ್ ಸಂದೇಶವೂ ಬರದೆ, ಫಲ ಮಾತ್ರ ಕೆಟ್ಟದ್ದಾಗಿ ಬಂದ ಆ ಬಗೆಯನ್ನು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಅವಧಿ ಹಾಕಿದ ತಡೆಗಳನ್ನು ಯಂತ್ರದ ಕೈಗೆ ಒಪ್ಪಿಸುವಾಗ ಏನೇನು ತಪ್ಪಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆ, ಗ್ರಂಥಾಲಯ, ಸಣ್ಣ ಕಚೇರಿಗಳಲ್ಲಿ ನನ್ನಂತೆಯೇ ಮಿರರ್ ನೋಡಿಕೊಳ್ಳುವವರಿಗೆ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ತಡೆ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಪ್ಯಾಕೇಜ್‌ಗಳನ್ನು ತಂದು ಹಾಕುವ ಆಪ್ಟ್ ಎಂಬ ಸಾಧನವನ್ನು ಬಳಸುವ ಡೆಬಿಯನ್‌ನಂಥ ವ್ಯವಸ್ಥೆಗಳಲ್ಲಿ ಒಂದು ಪ್ಯಾಕೇಜನ್ನು ‘ಹೋಲ್ಡ್’ ಮಾಡಿದರೆ ಅದು ಇದ್ದ ಆವೃತ್ತಿಯಲ್ಲೇ ನಿಲ್ಲುತ್ತದೆ. ಪ್ರಿಫರೆನ್ಸಸ್ ಕಡತದಲ್ಲಿ ಒಂದು ಆವೃತ್ತಿಗೆ ಸೊನ್ನೆಗಿಂತ ಕಡಿಮೆ ಆದ್ಯತೆ ಕೊಟ್ಟರೆ ಆ ಆವೃತ್ತಿ ಒಳಗೆ ಬರುವುದೇ ಇಲ್ಲ. ಜೆಂಟೂ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ‘ಮಾಸ್ಕ್’ ಮಾಡುತ್ತದೆ. ಇವುಗಳಲ್ಲಿ ಯಾವುದಕ್ಕೂ ಹುಟ್ಟಿನಿಂದ ಗಡುವು ಇಲ್ಲ. ಹಾಕಿದವರು ತೆಗೆಯುವವರೆಗೆ ಇರುತ್ತವೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಹಾಕಿದ ತಡೆಯನ್ನು ಮರೆತುಬಿಡುವುದು ಎಷ್ಟು ಸಹಜವೆಂದರೆ, ನಾನು ಈ ಕೆಲಸಕ್ಕೆ ಬಂದಾಗ ಮಿರರ್‌ನಲ್ಲಿ ಯಾರು, ಏಕೆ ಹಾಕಿದರೆಂದು ಯಾರಿಗೂ ನೆನಪಿಲ್ಲದ ಹನ್ನೊಂದು ತಡೆಗಳಿದ್ದವು, ಅವುಗಳಲ್ಲಿ ಎರಡು ಭದ್ರತಾ ತಿದ್ದುಪಡಿಗಳನ್ನೇ ತಡೆದು ನಿಲ್ಲಿಸಿದ್ದವು. ಆದ್ದರಿಂದ ಪ್ರತಿ ತಡೆಗೂ ಒಂದು ಕೊನೆಯ ದಿನ ಇರಬೇಕು, ಆ ದಿನ ಬಂದಾಗ ಅದು ತಾನಾಗಿ ಹೋಗಬೇಕು ಎಂದು ನಾನು ನಿರ್ಧರಿಸಿದ್ದು ಸೋಮಾರಿತನದಿಂದ ಅಲ್ಲ. ಮರೆವಿಗೆ ಅದು ಮದ್ದು ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಗಡುವು ಇರಬೇಕು ಎಂಬ ಮಾತನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಗಡುವು ಮುಗಿದ ಕ್ಷಣದಲ್ಲಿ ಏನು ಆಗಬೇಕು ಎಂಬುದರಲ್ಲಿ ನಾನು ಎಡವಿದ್ದೆ.

45 ದಿನ ಎಂಬ ಸಂಖ್ಯೆ ಎಲ್ಲಿಂದ ಬಂದಿತ್ತು ಎಂದು ನನ್ನನ್ನೇ ಕೇಳಿಕೊಂಡಾಗ ದೊರೆತ ಉತ್ತರ ಇಷ್ಟೆ: ಅಷ್ಟರೊಳಗೆ ಮೂಲ ಅಭಿವೃದ್ಧಿಕಾರರು ದೋಷ ಸರಿಪಡಿಸಿಯಾರು ಎಂದು ನಾನು ಅಂದಾಜು ಮಾಡಿದ್ದೆ. ತಡೆ ಹಾಕುವಾಗ ಮನಸ್ಸಿನಲ್ಲಿದ್ದದ್ದು ‘ಅರ್ಕಾವೊತ್ತು ಸರಿಯಾಗುವವರೆಗೆ’ ಎಂಬ ಷರತ್ತು. ಆದರೆ ಕಡತದಲ್ಲಿ ಆ ಷರತ್ತನ್ನು ಬರೆಯಲು ಜಾಗವಿರಲಿಲ್ಲ; ದಿನಾಂಕಕ್ಕೆ ಮಾತ್ರ ಜಾಗವಿತ್ತು. ಹೀಗಾಗಿ ಷರತ್ತು ನನ್ನ ತಲೆಯಲ್ಲೇ ಉಳಿಯಿತು, ಅದರ ಬದಲಿಗೆ ನಿಂತ ಅಂದಾಜು ಕಡತಕ್ಕೆ ಹೋಯಿತು. ಮನುಷ್ಯನೊಬ್ಬ ಆ ದಿನಾಂಕವನ್ನು ಓದಿದ್ದರೆ ‘ಹೌದೇ, ಸರಿಯಾಯಿತೇ?’ ಎಂದು ಒಮ್ಮೆ ಕೇಳಿಕೊಳ್ಳುತ್ತಿದ್ದ. ಸ್ಕ್ರಿಪ್ಟ್‌ಗೆ ಅದು ಅಪ್ಪಣೆ. ಒಬ್ಬನ ಊಹೆ, ಬರೆದಿಟ್ಟ ಮಾತ್ರಕ್ಕೆ, ಆರು ವಾರ ಕಳೆದ ಮೇಲೆ 24 ಯಂತ್ರಗಳ ಮೇಲೆ ನಡೆಯುವ ಆಜ್ಞೆಯಾಗಿ ಮಾರ್ಪಡುತ್ತದೆ, ಮತ್ತು ಈ ಮಾರ್ಪಾಡು ಎಲ್ಲಿ ಆಯಿತೆಂದು ಯಾರಿಗೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಎಲ್ಲ ಅಪಾಯಗಳ ಬೇರು ಇದೇ.

ಎರಡನೆಯ ವಿಷಯ ನನಗೆ ಅಂದಿನ ಲಾಗ್ ಓದಿದ ಮೇಲಷ್ಟೇ ಹೊಳೆಯಿತು. ಒಂದು ಲೈಬ್ರರಿಯನ್ನು ತಡೆದರೆ, ಅದರ ಹೊಸ ಆವೃತ್ತಿಯನ್ನು ಬೇಡುವ ಬೇರೆ ಪ್ಯಾಕೇಜ್‌ಗಳೂ ಹಿಂದೆ ಸಾಲು ನಿಲ್ಲುತ್ತವೆ. ಆಪ್ಟ್ ಅವುಗಳನ್ನು ‘ಸದ್ಯಕ್ಕೆ ಹಿಡಿದಿಡಲಾಗಿದೆ’ ಎಂದು ತೋರಿಸಿ ಮುಂದೆ ಹೋಗುತ್ತದೆ. 45 ದಿನಗಳಲ್ಲಿ ಹಾಗೆ ಒಂಬತ್ತು ಪ್ಯಾಕೇಜ್‌ಗಳು ನಿಂತಿದ್ದವು. ಗಡುವು ಮುಗಿದ ಬೆಳಿಗ್ಗೆ ಒಳಗೆ ಬಂದದ್ದು ಒಂದು ಲೈಬ್ರರಿಯಲ್ಲ, ಅದರ ಬೆನ್ನಿಗೆ ಒಂದೂವರೆ ತಿಂಗಳ ಬದಲಾವಣೆಗಳೆಲ್ಲ ಒಟ್ಟಿಗೆ. ಯಾವುದರಿಂದ ಏನು ಕೆಟ್ಟಿತು ಎಂದು ಬಿಡಿಸಿ ನೋಡುವುದು ಕಷ್ಟವಾದದ್ದು ಅದಕ್ಕೇ. ತಡೆದು ನಿಲ್ಲಿಸಿದ ನೀರು ಎಷ್ಟು ದಿನ ನಿಂತಿತೋ ಅಷ್ಟು ಭಾರವಾಗಿರುತ್ತದೆ ಎಂಬುದನ್ನು ನಾಲೆಯ ಸೀಮೆಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪ್ಯಾಕೇಜ್‌ಗಳ ವಿಷಯದಲ್ಲಿ ನಾನು ಹಾಗೆ ಯೋಚಿಸಿರಲಿಲ್ಲ. ಕನ್ನಂಬಾಡಿಯನ್ನು ಕಟ್ಟಿಸಿದ ವಿಶ್ವೇಶ್ವರಯ್ಯನವರ ಹೆಸರಿನ ಜೊತೆ ಸ್ವಯಂಚಾಲಿತ ಬಾಗಿಲುಗಳ ಹೆಸರೂ ಸೇರಿಕೊಂಡಿದೆ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿದ, ಆಮೇಲೆ ಕನ್ನಂಬಾಡಿಯಲ್ಲೂ ಬಳಸಿದ ಆ ಬಾಗಿಲುಗಳು ಮನುಷ್ಯರ ಕೈ ಇಲ್ಲದೆ ತೆರೆದುಕೊಳ್ಳುತ್ತಿದ್ದವು. ಅವು ನೋಡುತ್ತಿದ್ದದ್ದು ನೀರಿನ ಮಟ್ಟವನ್ನು. ಮಟ್ಟ ಏರಿದರೆ ತೆರೆದವು, ಇಳಿದರೆ ಮುಚ್ಚಿದವು. ಪಂಚಾಂಗದಲ್ಲಿ ಇಂದು ಯಾವ ತಿಥಿ ಎಂಬುದು ಅವುಗಳಿಗೆ ಬೇಕಾಗಿರಲಿಲ್ಲ. ಇನ್ನೊಂದು ಕಡೆ, ಅದೇ ಅಣೆಕಟ್ಟೆಯ ಕೆಳಗೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಂತೆ ನೀರು ಬಿಡುವಾಗ ದಿನಾಂಕವನ್ನು ಮೊದಲೇ ಪ್ರಕಟಿಸುತ್ತಾರೆ, ಆದರೆ ತೂಬಿನ ಬಳಿ ಒಬ್ಬ ನೀರುಗಂಟಿ ಇರುತ್ತಾನೆ, ಗದ್ದೆಯನ್ನು ಕಣ್ಣಾರೆ ನೋಡುತ್ತಾನೆ. ನನ್ನ ಸ್ಕ್ರಿಪ್ಟ್ ಮಟ್ಟವನ್ನೂ ನೋಡುತ್ತಿರಲಿಲ್ಲ, ತೂಬಿನ ಬಳಿ ಯಾರನ್ನೂ ನಿಲ್ಲಿಸಿಯೂ ಇರಲಿಲ್ಲ.

ಇನ್ನೂ ಒಂದು ದೋಷ ಸ್ಕ್ರಿಪ್ಟ್‌ನ ಒಳಗೇ ಇತ್ತು. ಅದು ತಡೆಗಳನ್ನು ಪ್ಯಾಕೇಜಿನ ಹೆಸರಿನಿಂದ ಗುರುತಿಸುತ್ತಿತ್ತು. ಒಂದೇ ಪ್ಯಾಕೇಜಿಗೆ ನಾನು ಒಂದು ಕಾರಣಕ್ಕೆ 20 ದಿನದ ತಡೆ ಹಾಕಿ, ನನ್ನ ಜೊತೆಯವರು ಬೇರೆಯದೇ ಕಾರಣಕ್ಕೆ 60 ದಿನದ ತಡೆ ಹಾಕಿದರೆ, ಇಪ್ಪತ್ತನೆಯ ದಿನ ಎರಡೂ ಹೋಗುತ್ತಿದ್ದವು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂದರ್ಭವೂ ಇದೆ. ಜೊತೆಯಾಗಿಯೇ ಇರಬೇಕಾದ ಎರಡು ಪ್ಯಾಕೇಜ್‌ಗಳಿಗೆ ಬೇರೆ ಬೇರೆ ಗಡುವು ಬಿದ್ದರೆ, ಒಂದು ಬಿಡುಗಡೆಯಾಗಿ ಇನ್ನೊಂದು ಕಟ್ಟಿಕೊಂಡೇ ಉಳಿದು, ಅವಲಂಬನೆಯ ಲೆಕ್ಕ ಕೂಡದೆ, ಅಪ್‌ಡೇಟ್ ಪೂರ್ತಿ ನಿಂತುಹೋಗುತ್ತದೆ. ಅದು ಕನಿಷ್ಠ ಕಣ್ಣಿಗೆ ಕಾಣುವ ತೊಂದರೆ.

ದೊಡ್ಡ ಭಂಡಾರಗಳು ಈ ಸಮಸ್ಯೆಯನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿವೆ, ಮತ್ತು ಅವುಗಳ ಕ್ರಮದಿಂದ ಕಲಿಯುವುದು ಬೇಕಾದಷ್ಟಿದೆ. ಜೆಂಟೂದಲ್ಲಿ ಒಂದು ಪ್ಯಾಕೇಜನ್ನು ಕೈಬಿಡುವ ಮೊದಲು ಅದನ್ನು ಸಾಮಾನ್ಯವಾಗಿ 30 ದಿನ ಮಾಸ್ಕ್ ಮಾಡಿಡುತ್ತಾರೆ. ಆ ಮಾಸ್ಕ್ ಕಡತದಲ್ಲಿ ಪ್ರತಿ ನಮೂದಿನ ತಲೆಯ ಮೇಲೆ ಹಾಕಿದವರ ಹೆಸರು, ಹಾಕಿದ ದಿನ, ಕಾರಣ ಇರುತ್ತದೆ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯ ತಂತ್ರಾಂಶ ಭಂಡಾರವಾದ ಪೋರ್ಟ್ಸ್ ಸಂಗ್ರಹದಲ್ಲಿ ‘ಡೆಪ್ರಿಕೇಟೆಡ್’ ಎಂಬ ಸಾಲು ಕಾರಣವನ್ನು ಹೇಳುತ್ತದೆ, ‘ಎಕ್ಸ್‌ಪೈರೇಷನ್ ಡೇಟ್’ ಎಂಬ ಸಾಲು ದಿನವನ್ನು ಹೇಳುತ್ತದೆ. ಕಾರಣ ಮತ್ತು ದಿನ ಎರಡೂ ಅಕ್ಕಪಕ್ಕದಲ್ಲಿ ಇರುತ್ತವೆ, ಆ ಪೋರ್ಟ್ ಬಳಸುವವರಿಗೆ ಎಚ್ಚರಿಕೆಯಾಗಿ ಕಾಣುತ್ತವೆ. ಇವೆರಡೂ ಮುಚ್ಚುವ ಕಡೆಗೆ ಹೋಗುವ ಗಡುವುಗಳು ಎಂಬುದನ್ನು ಗಮನಿಸಬೇಕು. ದಿನ ಬಂದಾಗ ಏನೋ ಒಂದು ಇಲ್ಲವಾಗುತ್ತದೆ. ಇಲ್ಲವಾದದ್ದು ಸದ್ದು ಮಾಡುತ್ತದೆ: ಯಾರದೋ ಇನ್‌ಸ್ಟಾಲ್ ನಿಲ್ಲುತ್ತದೆ, ಯಾರೋ ದೂರು ಕೊಡುತ್ತಾರೆ. ನನ್ನದು ತೆರೆಯುವ ಕಡೆಗೆ ಹೋದ ಗಡುವು. ತೆರೆದುಕೊಳ್ಳುವ ಬಾಗಿಲು ಸದ್ದು ಮಾಡುವುದಿಲ್ಲ, ಒಳಗೆ ಬಂದದ್ದು ಕೆಟ್ಟದ್ದೆಂದು ತಿಳಿಯುವುದು ಯಾರಿಗಾದರೂ ನೋವಾದ ಮೇಲೆಯೇ. ಈ ವ್ಯತ್ಯಾಸ ಅಷ್ಟು ಮುಖ್ಯವೆಂದು ನನಗೆ ಅನ್ನಿಸುವುದರಿಂದ, ಈಗ ಯಾವ ತಡೆಯನ್ನು ಕಂಡರೂ ಮೊದಲು ಕೇಳುವ ಪ್ರಶ್ನೆ ಇದೇ: ದಿನ ತುಂಬಿದಾಗ ಇದು ಮುಚ್ಚುತ್ತದೆಯೇ, ತೆರೆಯುತ್ತದೆಯೇ?

ಮುಚ್ಚುವ ಗಡುವುಗಳು ಸದ್ದು ಮಾಡುತ್ತವೆ ಎಂದ ಮಾತ್ರಕ್ಕೆ ಅವು ನಿರಪಾಯಕಾರಿ ಎಂದು ಹೇಳಲಾರೆ. ಡೆಬಿಯನ್‌ನಲ್ಲಿ ಮುಂದಿನ ಬಿಡುಗಡೆಗಾಗಿ ಸಿದ್ಧವಾಗುವ ‘ಟೆಸ್ಟಿಂಗ್’ ಶಾಖೆಯಿಂದ, ಬಿಡುಗಡೆಗೆ ಅಡ್ಡಿಯಾಗುವಂಥ ದೋಷವಿರುವ ಪ್ಯಾಕೇಜ್‌ಗಳು ಒಂದು ಅವಧಿಯ ನಂತರ ತಾವಾಗಿಯೇ ಹೊರಬೀಳುತ್ತವೆ. ಈ ಏರ್ಪಾಡನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಅದನ್ನು ರೂಪಿಸಿದವರು ಎಚ್ಚರದಿಂದ ರೂಪಿಸಿದ್ದಾರೆ. ಹೊರಹಾಕುವ ಮೊದಲು ನಿರ್ವಾಹಕರಿಗೆ ಮಿಂಚಂಚೆ ಹೋಗುತ್ತದೆ. ಆ ದೋಷದ ಮೇಲೆ ಯಾರಾದರೂ ಕೆಲಸ ಮಾಡುತ್ತಿರುವ ಸುಳಿವು ಕಂಡರೆ ಗಡುವು ಮುಂದಕ್ಕೆ ಹೋಗುತ್ತದೆ. ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಹೊರಬಿದ್ದದ್ದು ಹೊಸ ಆವೃತ್ತಿಗಳು ಮೊದಲು ಬರುವ ‘ಅನ್‌ಸ್ಟೇಬಲ್’ ಶಾಖೆಯಲ್ಲಿ ಉಳಿದಿರುತ್ತದೆ, ದೋಷ ಸರಿಹೋದ ಮೇಲೆ ಮರಳಿ ಬರಬಹುದು. ಆದರೂ ಒಂದು ಪ್ಯಾಕೇಜ್ ಹೋಗುವಾಗ ಅದನ್ನು ನೆಚ್ಚಿಕೊಂಡವೂ ಹೋಗುತ್ತವೆ. ತನ್ನಲ್ಲಿ ಯಾವ ದೋಷವೂ ಇಲ್ಲದ ಪ್ಯಾಕೇಜ್ ಒಂದು, ಎರಡು ಹೆಜ್ಜೆ ಆಚೆಗಿನ ಯಾವುದೋ ಲೈಬ್ರರಿಯ ದೋಷಕ್ಕಾಗಿ ಪಟ್ಟಿಗೆ ಸೇರುತ್ತದೆ. ಬಿಡುಗಡೆಗೆ ಮುಂಚೆ ಬಾಗಿಲು ಮುಚ್ಚುವ ‘ಫ್ರೀಜ್’ ಸಮಯದಲ್ಲಿ ಹೊರಬಿದ್ದದ್ದು ಆ ಬಿಡುಗಡೆಗೆ ಮರಳಿ ಬರುವುದು ಸುಲಭವಲ್ಲ. ಮುಂದಿನ ಬಿಡುಗಡೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು.

ಈ ವಿಷಯ ನನ್ನ ಮನಸ್ಸಿಗೆ ಹತ್ತಿರದ್ದು, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಕೋಟ್ಯಂತರ ಜನ ಬಳಸುವ ಪ್ಯಾಕೇಜಿಗೆ ಇಂಥ ಎಚ್ಚರಿಕೆ ಬಂದರೆ ಆ ದಿನವೇ ಹತ್ತು ಜನ ಎದ್ದು ಕೂರುತ್ತಾರೆ. ಡೆಬಿಯನ್‌ನಲ್ಲಿ ಕನ್ನಡಕ್ಕೆಂದು ಗುಬ್ಬಿ, ನವಿಲು ಫಾಂಟ್‌ಗಳಿವೆ, ಲೋಹಿತ್ ಕನ್ನಡ ಇದೆ, ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಇವೆ. ಇಂಥ ಪ್ಯಾಕೇಜ್‌ಗಳ ಹಿಂದೆ ಇರುವವರು ಕೆಲವೇ ಮಂದಿ, ಅವರು ಬಿಡುವಿನ ವೇಳೆಯಲ್ಲಿ ಸ್ವಯಂಸೇವೆಯಾಗಿ ಕೆಲಸ ಮಾಡುವವರು. ಯಾರದೋ ಮನೆಯಲ್ಲಿ ಮದುವೆಯಿದ್ದ ತಿಂಗಳಲ್ಲೋ, ಕೆಲಸ ಬದಲಾಯಿಸಿದ ವರ್ಷದಲ್ಲೋ ಬಂದ ಒಂದು ಮಿಂಚಂಚೆಗೆ ಉತ್ತರ ಹೋಗದಿದ್ದರೆ, ಯಂತ್ರಕ್ಕೆ ಅದು ‘ಯಾರಿಗೂ ಬೇಡ’ ಎಂದು ಕೇಳಿಸುತ್ತದೆ. ಮೌನಕ್ಕೆ ಹಲವು ಅರ್ಥಗಳಿವೆ. ಗಡುವನ್ನು ಯಂತ್ರಕ್ಕೆ ಒಪ್ಪಿಸಿದಾಗ ಅವುಗಳಲ್ಲಿ ಒಂದೇ ಅರ್ಥ ಉಳಿಯುತ್ತದೆ, ಅದರ ಹೊರೆ ಬೀಳುವುದು ಮಾತನಾಡಲು ಜನ ಕಡಿಮೆ ಇರುವ ಕಡೆಗೇ. ಆ ಶಾಲೆಯ ಹುಡುಗಿಯೊಬ್ಬಳು ತನ್ನ ಹೆಸರನ್ನು ತೆರೆಯ ಮೇಲೆ ಕನ್ನಡದಲ್ಲಿ ಮೊದಲ ಬಾರಿಗೆ ನೋಡಿದ ದಿನ ನಾನು ಪಕ್ಕದಲ್ಲಿದ್ದೆ, ಅದಕ್ಕೆ ಕಾರಣವಾದ ಪ್ಯಾಕೇಜ್‌ಗಳು ಹೀಗೆ ಸದ್ದಿಲ್ಲದ ಕಾರಣಕ್ಕೆ ಜಾರಿಹೋಗುವುದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ.

ಇತ್ತೀಚೆಗೆ ಇನ್ನೊಂದು ಬಗೆಯ ಅವಧಿ ಚಾಲ್ತಿಗೆ ಬಂದಿದೆ. ಹೊಸದಾಗಿ ಪ್ರಕಟವಾದ ಯಾವ ಆವೃತ್ತಿಯನ್ನೂ ಇಂತಿಷ್ಟು ದಿನ ಕಳೆಯುವವರೆಗೆ ಒಳಗೆ ಬಿಡದಿರುವ ಕ್ರಮ ಅದು. 2025ರ ಸೆಪ್ಟೆಂಬರ್ 8ರಂದು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಎನ್‌ಪಿಎಂ ಭಂಡಾರದಲ್ಲಿ ಚಾಕ್, ಡೀಬಗ್ ಸೇರಿದಂತೆ 18 ಪ್ಯಾಕೇಜ್‌ಗಳ ವಿಷಪೂರಿತ ಆವೃತ್ತಿಗಳು ಸುಮಾರು ಎರಡು ಗಂಟೆ ಕಾಲ ಇದ್ದವು. ಒಂದು ದಿನ ಕಾದವರಿಗೆ ಅವು ತಟ್ಟುತ್ತಲೇ ಇರಲಿಲ್ಲ. ಅದೇ ತಿಂಗಳು, ಆ ಭಂಡಾರದಿಂದ ಪ್ಯಾಕೇಜ್ ತರುವ ಪಿಎನ್‌ಪಿಎಂ ಎಂಬ ಸಾಧನ ಹೀಗೆ ಕಾಯುವ ಆಯ್ಕೆಯನ್ನು ಸೇರಿಸಿತು. ಇದನ್ನು ನಾನು ಒಪ್ಪುತ್ತೇನೆ, ನಮ್ಮ ಮಿರರ್‌ನಲ್ಲೂ ಬಳಸುತ್ತೇನೆ. ಆದರೆ ಕಾಯುವುದೇ ಪರೀಕ್ಷೆ ಎಂದು ತಿಳಿಯುವುದು ತಪ್ಪು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಪ್ಯಾಕೇಜಿನಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿದ್ದ 5.6.0 ಆವೃತ್ತಿ 2024ರ ಫೆಬ್ರುವರಿ 24ರಂದು ಬಂತು; ಆಂಡ್ರೆಸ್ ಫ್ರಾಯಿಂಡ್ ಎಂಬ ಅಭಿವೃದ್ಧಿಕಾರರು ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾದದ್ದನ್ನು ಬೆನ್ನಟ್ಟಿ ಹೋಗಿ, ಅದನ್ನು ಬಯಲು ಮಾಡಿದ್ದು ಮಾರ್ಚ್ 29ರಂದು. ನಡುವೆ 34 ದಿನ. ಡೆಬಿಯನ್‌ನಲ್ಲಿ ಅನ್‌ಸ್ಟೇಬಲ್‌ನಿಂದ ಟೆಸ್ಟಿಂಗ್‌ಗೆ ಹೋಗಲು ಪ್ಯಾಕೇಜ್‌ಗಳು ತುರ್ತಿನ ಮಟ್ಟಕ್ಕೆ ತಕ್ಕಂತೆ 2, 5 ಅಥವಾ 10 ದಿನ ಕಾಯುತ್ತವೆ. ಆ ಕಾಯುವಿಕೆಯನ್ನು ಮುಗಿಸಿ ಅದು ಟೆಸ್ಟಿಂಗ್‌ಗೆ ತಲುಪಿಯೂ ಆಗಿತ್ತು. ಯಾವ ದೂರೂ ಬರದೆ ದಿನ ಕಳೆದವು ಎಂಬುದಕ್ಕೆ ಯಾರಾದರೂ ನೋಡಿದರು ಎಂಬ ಅರ್ಥವಿಲ್ಲ. ಎಲ್ಲರೂ ಏಳು ದಿನ ಕಾದರೆ ಆ ಏಳು ದಿನ ಯಾರೂ ಬಳಸಿರುವುದಿಲ್ಲ, ಎಂಟನೆಯ ದಿನ ಎಲ್ಲರೂ ಒಟ್ಟಿಗೆ ಬಳಸತೊಡಗುತ್ತಾರೆ.

ಕಾಯುವುದರ ಇನ್ನೊಂದು ಮುಖ 2021ರ ಡಿಸೆಂಬರ್‌ನಲ್ಲಿ ಕಂಡಿತು. ಜಾವಾ ತಂತ್ರಾಂಶಗಳು ಬಳಸುವ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಬಯಲಾದ ಒಂದು ವಾರದ ಸುಮಾರಿನಲ್ಲಿ 2.15, 2.16, 2.17 ಎಂದು ಒಂದರ ಹಿಂದೆ ಒಂದು ತಿದ್ದುಪಡಿಗಳು ಬಂದವು, ಏಕೆಂದರೆ ಮೊದಲನೆಯದು ಅಪೂರ್ಣವಾಗಿತ್ತು. ಕಣ್ಣು ಮುಚ್ಚಿ ಏಳು ದಿನ ಕಾಯುವ ನಿಯಮವಿದ್ದ ಸರ್ವರ್ ಆ ವಾರವೆಲ್ಲ ದಾಳಿಗೆ ತೆರೆದುಕೊಂಡು ನಿಂತು, ಕೊನೆಗೆ ಗಡುವು ತುಂಬಿದಾಗ ಸಾಲದೆಂದು ಅಷ್ಟರಲ್ಲೇ ಗೊತ್ತಾಗಿದ್ದ ತಿದ್ದುಪಡಿಯನ್ನು ಮೊದಲು ಹಾಕಿಕೊಳ್ಳುತ್ತಿತ್ತು. ವಿನಾಯಿತಿ ಕೊಡಲು ಯಾರಿಗೆ ಅಧಿಕಾರವಿದೆ, ರಾತ್ರಿ ಹನ್ನೊಂದು ಗಂಟೆಗೆ ಅವರು ಸಿಗುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಇಂಥ ನಿಯಮ ಇರಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಪೈಥಾನ್‌ನ ಪೈಪಿಐ ಭಂಡಾರದಲ್ಲಿ ಅನುಮಾನ ಬಂದ ಯೋಜನೆಯನ್ನು ಪ್ರತ್ಯೇಕವಾಗಿಡುವ ‘ಕ್ವಾರಂಟೈನ್’ ಕ್ರಮವಿದೆ. ಅದರಿಂದ ಹೊರಬರುವುದು ನಿರ್ವಾಹಕರು ಪರಿಶೀಲಿಸಿದ ಮೇಲೆ. ತೆರೆಯುವ ಕಡೆಯ ನಿರ್ಧಾರವನ್ನು ಗಡಿಯಾರಕ್ಕೆ ಬಿಡದ ಈ ಕ್ರಮ ನನಗೆ ಸರಿಯೆನಿಸುತ್ತದೆ. ದುರುದ್ದೇಶದಿಂದ ಪ್ಯಾಕೇಜ್ ಹಾಕಿದವನಿಗೆ ತಡೆ ಯಾವತ್ತು ತೆರವಾಗುತ್ತದೆಂದು ಮೊದಲೇ ಗೊತ್ತಿದ್ದರೆ, ಅವನು ಮಾಡಬೇಕಾದದ್ದು ಕಾಯುವುದಷ್ಟೇ.

ಗಡಿಯಾರದ ಮಾತು ಬಂತು. ಅವಧಿಯ ತಡೆಗಳೆಲ್ಲ ಗಡಿಯಾರ ನಿಜ ಹೇಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನನ್ನ ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ನಡೆಯುವುದರಿಂದ ಅದರ ನಡುರಾತ್ರಿ ನಮಗೆ ಬೆಳಗಿನ ಜಾವ 5:30. ‘30ನೇ ತಾರೀಖಿನವರೆಗೆ’ ಎಂದು ನಾನು ಬರೆದಾಗ ಆ ದಿನ ಸೇರಿಯೋ ಬಿಟ್ಟೋ ಎಂಬುದನ್ನು ಸ್ಕ್ರಿಪ್ಟ್ ತನಗೆ ತೋಚಿದಂತೆ ತೀರ್ಮಾನಿಸಿತ್ತು. ಇದು ಸಣ್ಣದು. ದಸರಾ ರಜೆಯಲ್ಲಿ ವಾರಗಟ್ಟಲೆ ಆಫ್ ಆಗಿದ್ದ ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ರಜೆ ಮುಗಿಸಿ ಚಾಲೂ ಮಾಡಿದಾಗ ಅವು ಹತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನ ಹಳೆಯ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಅಂಥ ಗಡಿಯಾರವೇ ಇಲ್ಲ. ನೆಟ್ ಸಿಕ್ಕಿ ಸಮಯ ಹೊಂದಿಸಿಕೊಳ್ಳುವವರೆಗೆ ಅವು ಕೊನೆಯ ಬಾರಿ ಆಫ್ ಆದ ಹೊತ್ತಿನಲ್ಲೇ ಇರುತ್ತವೆ. ಗಡಿಯಾರ ಹಿಂದಿದ್ದರೆ ತಡೆ ತೆರವಾಗುವುದೇ ಇಲ್ಲ, ಆಪ್ಟ್ ಕೂಡ ಭಂಡಾರದ ರಿಲೀಸ್ ಕಡತ (ಭಂಡಾರದಲ್ಲಿ ಏನಿದೆ ಎಂದು ಹೇಳುವ, ದಿನಾಂಕವಿರುವ ಕಡತ) ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ನಿರಾಕರಿಸುತ್ತದೆ. ನಾನು ಹೆಚ್ಚು ಹೆದರುವುದು ಮುಂದೆ ಓಡಿದ ಗಡಿಯಾರಕ್ಕೆ. ಒಂದು ಯಂತ್ರದಲ್ಲಿ ಯಾರೋ ಕೈಯಿಂದ ದಿನಾಂಕ ಹೊಂದಿಸುವಾಗ ವರ್ಷವನ್ನು ತಪ್ಪಾಗಿ ಒತ್ತಿದ್ದರು, ಆ ಒಂದು ಬೆಳಿಗ್ಗೆ ಅಲ್ಲಿದ್ದ ಎಲ್ಲ ತಡೆಗಳೂ ಒಮ್ಮೆಗೇ ಅವಧಿ ಮುಗಿದವಾದವು.

ಗಡಿಯಾರ ಸರಿಯಿದ್ದೂ ಗಡುವು ಕೈಕೊಟ್ಟ ಪ್ರಸಂಗಕ್ಕೆ 2019ರ ಮೇ 4 ಸಾಕು. ಫೈರ್‌ಫಾಕ್ಸ್ ಬ್ರೌಸರ್‌ನ ಆಡ್‌ಆನ್‌ಗಳಿಗೆ (ಅದಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶಗಳಿಗೆ) ಸಹಿ ಹಾಕುವ ಸರಣಿಯಲ್ಲಿನ ಒಂದು ಮಧ್ಯಂತರ ಪ್ರಮಾಣಪತ್ರದ ಅವಧಿ ಆ ದಿನ ಮುಗಿದು, ಯಾವ ದೋಷವೂ ಇಲ್ಲದ ಆಡ್‌ಆನ್‌ಗಳು ಜಗತ್ತಿನಾದ್ಯಂತ ನಿಷ್ಕ್ರಿಯವಾದವು. ನವೀಕರಿಸುವುದನ್ನು ಯಾರೋ ಮರೆತರು, ಮುಚ್ಚುವುದನ್ನು ಯಂತ್ರ ಮರೆಯಲಿಲ್ಲ. ಹಾಗೆಂದು ಇಂಥ ಗಡುವುಗಳನ್ನು ಕಿತ್ತುಹಾಕಬೇಕೆಂದು ನಾನು ವಾದಿಸುವುದಿಲ್ಲ. ಡೆಬಿಯನ್‌ನ ಭದ್ರತಾ ಭಂಡಾರದ ರಿಲೀಸ್ ಕಡತದಲ್ಲಿ ‘ವ್ಯಾಲಿಡ್ ಅಂಟಿಲ್’ (ಇಂಥ ದಿನದವರೆಗೆ ಮಾನ್ಯ) ಎಂಬ ಸಾಲು ಇರುವುದರಿಂದಲೇ, ಯಾರಾದರೂ ಹಳಸಿದ ಪಟ್ಟಿಯನ್ನು ತೋರಿಸಿ ನಿಮಗೆ ತಿದ್ದುಪಡಿ ಏನೂ ಬಂದಿಲ್ಲ ಎಂದು ನಂಬಿಸಲು ಆಗುವುದಿಲ್ಲ. ಒಮ್ಮೆ ನನ್ನ ಮಿರರ್ ಹತ್ತು ದಿನ ಸಿಂಕ್ ಆಗದೆ ನಿಂತಾಗ ಎಲ್ಲ ಯಂತ್ರಗಳೂ ಕೆಂಪು ಸಾಲು ತೋರಿಸಿ ನಿರಾಕರಿಸಿದವು, ನನಗೆ ವಿಷಯ ತಿಳಿದದ್ದೇ ಅದರಿಂದ. ಆ ಪರೀಕ್ಷೆಯನ್ನು ಆಫ್ ಮಾಡುವ ಒಂದು ಸಾಲು ಎಲ್ಲ ಸಲಹಾ ಪುಟಗಳಲ್ಲೂ ಸಿಗುತ್ತದೆ. ದಯವಿಟ್ಟು ಅದನ್ನು ಹಾಕಿ ಮರೆಯಬೇಡಿ.

ಈಗ ನಮ್ಮ ಮಿರರ್‌ನಲ್ಲಿ ಪ್ರತಿ ತಡೆಗೂ ತನ್ನದೇ ಗುರುತಿನ ಸಂಖ್ಯೆ ಇದೆ, ಹಾಕಿದವರ ಹೆಸರಿದೆ, ಕಾರಣವಿದೆ, ಜೊತೆಗೆ ಒಂದು ಪರೀಕ್ಷೆ ಇದೆ. ಅರ್ಕಾವೊತ್ತಿನ ತಡೆಗೆ ಬರೆದ ಪರೀಕ್ಷೆ ಸರಳವಾದದ್ದು: ಇಪ್ಪತ್ತು ಪದಗಳನ್ನು ಪಿಡಿಎಫ್ ಆಗಿ ಮಾರ್ಪಡಿಸಿ, ಸರಿಯಿದ್ದ ಹಳೆಯ ಚಿತ್ರದೊಡನೆ ಹೋಲಿಸುವುದು. ಗಡುವು ಬಂದಾಗ ಸ್ಕ್ರಿಪ್ಟ್ ಆ ಪರೀಕ್ಷೆಯನ್ನು ನಡೆಸಿ, ಫಲಿತಾಂಶವನ್ನೂ ತಡೆಯ ಹಿಂದೆ ಸಾಲು ನಿಂತ ಪ್ಯಾಕೇಜ್‌ಗಳ ಪಟ್ಟಿಯನ್ನೂ ನನಗೂ ನನ್ನ ಜೊತೆಯವರಿಗೂ ಕಳುಹಿಸುತ್ತದೆ. ತಡೆಯನ್ನು ಮುಟ್ಟುವುದಿಲ್ಲ. ನಾವು ಹೂಂ ಎಂದರೆ ಮೊದಲು ಒಂದೇ ಯಂತ್ರಕ್ಕೆ, ಎರಡು ದಿನದ ನಂತರ ಉಳಿದವಕ್ಕೆ ಹೊಸ ಆವೃತ್ತಿ ಹೋಗುತ್ತದೆ. ಉಬುಂಟು ಲಿನಕ್ಸ್ ತನ್ನ ಅಪ್‌ಡೇಟ್‌ಗಳನ್ನು ಶೇಕಡಾವಾರು ಹಂತಗಳಲ್ಲಿ ಬಿಡುತ್ತಾ, ಕ್ರ್ಯಾಶ್ ವರದಿಗಳು ಹೆಚ್ಚಿದರೆ ನಿಲ್ಲಿಸುವುದನ್ನು ನೋಡಿ ಇದನ್ನು ಅಳವಡಿಸಿಕೊಂಡೆವು. ಶುಕ್ರವಾರ ಸಂಜೆ, ಪರೀಕ್ಷೆಯ ವಾರ, ರಜೆಯ ಹಿಂದಿನ ದಿನ ಏನೂ ತೆರವಾಗುವುದಿಲ್ಲ. ನಾವು ಉತ್ತರಿಸದೆ ಇದ್ದರೆ ಮೂರು ದಿನಕ್ಕೊಮ್ಮೆ, ಆಮೇಲೆ ದಿನವೂ ಸಂದೇಶ ಬರುತ್ತದೆ, ಮತ್ತು ತಡೆದು ನಿಂತವುಗಳಲ್ಲಿ ಭದ್ರತಾ ತಿದ್ದುಪಡಿ ಇದ್ದರೆ ಮೊದಲ ದಿನದಿಂದಲೇ ದಿನವೂ ಬರುತ್ತದೆ. ಇಬ್ಬರೂ ಇಲ್ಲದಾಗ ಏನು ಮಾಡಬೇಕೆಂಬುದಕ್ಕೆ ನಮಗೆ ಪೂರ್ತಿ ಸಮಾಧಾನವಾಗುವ ಉತ್ತರ ಸಿಕ್ಕಿಲ್ಲ. ಸದ್ಯಕ್ಕೆ ಶಾಲೆಯ ಆ ಶಿಕ್ಷಕಿಯನ್ನೇ ಮೂರನೆಯವರಾಗಿ ಸೇರಿಸಿದ್ದೇವೆ, ಅವರು ಸಂದೇಶವನ್ನು ಓದಿ ಅರ್ಥಮಾಡಿಕೊಳ್ಳುವಂತೆ ಅದನ್ನು ಪೂರ್ತಿ ಕನ್ನಡದಲ್ಲಿ ಬರೆದಿದ್ದೇವೆ.

ಇವತ್ತಿಗೆ ಪಟ್ಟಿಯಲ್ಲಿ ನಾಲ್ಕು ತಡೆಗಳಿವೆ. ಒಂದರ ಗಡುವು ನಿನ್ನೆ ಮುಗಿಯಿತು, ಪರೀಕ್ಷೆ ಪಾಸಾಗಿದೆ ಎಂಬ ಸಂದೇಶವೂ ಬಂದಿದೆ. ಆದರೆ ಆ ಪರೀಕ್ಷೆ ಪಿಡಿಎಫ್ ನೋಡುತ್ತದೆ, ಶಾಲೆಯಲ್ಲಿರುವ ಹಳೆಯ ಮುದ್ರಣಯಂತ್ರವನ್ನು ನೋಡುವುದಿಲ್ಲ. ಬುಧವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋಗಿ, ಒಂದು ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿ, ‘ಕಾರ್ಯ’, ‘ವರ್ಗ’, ‘ಕರ್ನಾಟಕ’ ಇರುವ ಒಂದು ಹಾಳೆಯನ್ನು ಅಚ್ಚು ಹಾಕಿಸಿ ನೋಡುತ್ತೇನೆ. ಅಲ್ಲಿಯವರೆಗೆ ತಡೆ ಇದ್ದಲ್ಲೇ ಇರುತ್ತದೆ.